ಗಂಗಾಳಕ್ಕೆ ನೀರು ಹೊರದ ದಿನ

ಹೆಲಾ ಕಟ್ಟಿಗೆ ರಾಶಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಬೂದಿಯಿಂದ ಕೈ ಉಜ್ಜಿಕೊಳ್ಳುತ್ತಿದ್ದಳು. ಬೆರಳ ಸಂದಿಯಲ್ಲಿ ರಕ್ತ ಜಿನುಗಿದ್ದರೂ ನಿಲ್ಲಿಸಿರಲಿಲ್ಲ.

ಅಟಾರಾ ಅವಳನ್ನು ಹುಡುಕಿಕೊಂಡು ಬಂದದ್ದು ಬಯ್ಯುವುದಕ್ಕೆ. ಸಂಜೆಯ ಬಲಿಗೆ ಮುಂಚೆ ಎರಡು ಕೊಡ ನೀರು ಕಡಿಮೆ ಬಿದ್ದಿತ್ತು. ಶಿಲೋ ಊರಿನ ಗುಡಿಯಾದ ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆಗಿದ್ದ ಇಪ್ಪತ್ತೆರಡು ಹೆಂಗಸರಿಗೆ ಅಟಾರಾಳೇ ಹಿರಿಯಳು. ಗಂಡ ಸತ್ತ ವರ್ಷ ಬಂದವಳು, ಮೂವತ್ತು ದ್ರಾಕ್ಷಿ ಸುಗ್ಗಿಗಳನ್ನು ಅಲ್ಲೇ ಕಂಡಿದ್ದಳು. ಅವಳ ಬಾಯಿಗೆ ಗುಡಾರದ ಊಳಿಗದ ಗಂಡಸರಾದ ಲೇವಿಯರೂ ಹೆದರುತ್ತಿದ್ದರು. ಹೆಲಾ ಎಲ್ಲರಿಗಿಂತ ಚಿಕ್ಕವಳು, ಹದಿನೇಳು ತುಂಬಿತ್ತು. ಜ್ವರದಿಂದ ಎದ್ದ ಅವಳಪ್ಪ ಹರಕೆ ಹೊತ್ತು, ಮೂರು ವರ್ಷದ ಸೇವೆಗೆಂದು ಗಾಷ್ ಬೆಟ್ಟದ ಕಡೆಯಿಂದ ತಂದು ಬಿಟ್ಟು ಹೋಗಿದ್ದ. ಕೊಡ ಹೊತ್ತು ಒರತೆಯಿಂದ ಏರಿ ಬರುವಾಗ ಹಾಡುವ ಹುಡುಗಿ ಅದೊಂದೇ.

"ಏನೇ ಇದು? ಕೈ ಸುಲಿದು ಹೋಗ್ತಿದೆಯಲ್ಲೇ! ಕೊಡ ಎಲ್ಲಿ?"

"ಒಡೆದುಹೋಯ್ತು, ದೊಡ್ಡವ್ವ."

"ಎಲ್ಲಿ ಒಡೀತು?"

ಹೆಲಾ ತಲೆಯೆತ್ತಲಿಲ್ಲ. "ಮಲ್ಕೀಯ ಅಯ್ಯ ತಮ್ಮ ಬಿಡಾರಕ್ಕೆ ಒಂದು ಕೊಡ ನೀರು ತಾ ಅಂದ್ರು. ಹೋದೆ. ಮೊದಲು ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ್ರು." ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು. "ಅದೇ ಕೈ, ದೊಡ್ಡವ್ವ."

ಮಲ್ಕೀಯ ಹಿರಿಯ ಯಾಜಕನ ಮಗ, ತಾನೂ ಯಾಜಕ. ಅಟಾರಾಳಿಗೆ ಹೆಚ್ಚಿನ ಮಾತು ಬೇಕಾಗಲಿಲ್ಲ. ಹುಡುಗಿಯ ಅಂಗಿಯ ಹೆಗಲಿನ ಹೊಲಿಗೆ ಬಿಚ್ಚಿತ್ತು. ಅಟಾರಾ ತನ್ನ ಮೇಲುಹೊದಿಕೆ ತೆಗೆದು ಅವಳಿಗೆ ಹೊದಿಸಿದಳು. ಕೈ ಹಿಡಿದು ನಿಲ್ಲಿಸಲು ನೋಡಿದಳು, ಹೆಲಾ ಕಿತ್ತುಕೊಂಡಳು.

"ಯಾರಿಗೂ ಹೇಳಬೇಡ."

"ಹೇಳಲ್ಲ ಕಣೇ ಮಗಳೇ," ಎಂದಳು ಅಟಾರಾ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಮಾರನೆಯ ಬೆಳಗ್ಗೆ ಎಂದಿನಂತೆ ಗಂಗಾಳ ತುಂಬಿತು. ಬಲಿಪೀಠಕ್ಕೂ ಗುಡಾರದ ಬಾಗಿಲಿಗೂ ನಡುವೆ, ಮಂಡಿಯೆತ್ತರದ ಪೀಠದ ಮೇಲೆ ಆ ಕಂಚಿನ ಗಂಗಾಳ ನಿಂತಿತ್ತು. ಬಲಿಪೀಠದ ಹತ್ತಿರ ಹೋಗುವ ಯಾಜಕ ಯಾರೇ ಆಗಲಿ ಮೊದಲು ಅದರಲ್ಲಿ ಕೈಕಾಲು ತೊಳೆಯಬೇಕು, ತೊಳೆಯದೆ ಹೋದವನು ಸಾಯುತ್ತಾನೆ ಎಂದು ಕಟ್ಟಳೆ. ಗುಡಾರದಲ್ಲಿ ಉಳಿದ ಎಲ್ಲಕ್ಕೂ ಅಳತೆಯಿತ್ತು. ಮಂಜೂಷಕ್ಕೆ ಇಷ್ಟು ಮೊಳ, ರೊಟ್ಟಿಯ ಮೇಜಿಗೆ ಇಷ್ಟು ಮೊಳ, ಧೂಪವೇದಿಗೆ ಇಷ್ಟು, ತೆರೆಗೆ ಇಷ್ಟು. ದೀಪಸ್ತಂಭಕ್ಕೆ ಮೊಳವಿಲ್ಲದಿದ್ದರೂ ಬಂಗಾರದ ತೂಕವಿತ್ತು. ಗಂಗಾಳಕ್ಕೆ ಮೊಳವೂ ಇಲ್ಲ, ತೂಕವೂ ಇಲ್ಲ. ಯಾಕೆಂದರೆ ಅದನ್ನು ಹೆಂಗಸರ ಕನ್ನಡಿಗಳಿಂದ ಎರಕ ಹೊಯ್ದಿದ್ದರು. ಹಿಂದೆ ಐಗುಪ್ತದ ಜೀತ ಬಿಟ್ಟು ಮರುಭೂಮಿಯಲ್ಲಿ ಅಲೆಯುತ್ತಿದ್ದಾಗ ಗುಡಾರದ ಬಾಗಿಲಿಗೆ ಎಷ್ಟು ಹೆಂಗಸರು ಬಂದರೋ, ಎಷ್ಟು ಕನ್ನಡಿ ಕೊಟ್ಟರೋ, ಅಷ್ಟು ಗಂಗಾಳ.

ಅವುಗಳಲ್ಲಿ ಒಂದು ಅಟಾರಾಳ ಮುತ್ತಜ್ಜಿಯ ಮುತ್ತಜ್ಜಿಯದು. ಐಗುಪ್ತದಲ್ಲಿ ಆಕೆಯ ಗಂಡ ಇಟ್ಟಿಗೆ ಗೂಡಿನಲ್ಲಿ ಜೀತಕ್ಕಿದ್ದ. ಸಂಜೆ ಮನೆಗೆ ಬಂದಾಗ ಕಣ್ಣು ತುಂಬ ಸುಣ್ಣ, ದೂಳು. ಆಕೆ ಕನ್ನಡಿ ಓರೆ ಹಿಡಿದು, ಮುಳುಗುವ ಬಿಸಿಲನ್ನು ಅವನ ಮುಖಕ್ಕೆ ತಿರುಗಿಸಿ, ನಾಲಗೆಯ ತುದಿಯಿಂದ ಕಣ್ಣಿನ ದೂಳು ತೆಗೆಯುತ್ತಿದ್ದಳಂತೆ. ಅಟಾರಾಳ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದ ಆಸ್ತಿ ಎಂದರೆ ಈ ಕತೆ ಒಂದೇ. ಅದಕ್ಕೇ ಅವಳು ಗಂಗಾಳದ ಒಳಮೈಯನ್ನು ವಾರಕ್ಕೊಮ್ಮೆ ಹುಳಿ ದ್ರಾಕ್ಷಾರಸ, ಬೂದಿ ಹಾಕಿ ತಾನೇ ತಿಕ್ಕುತ್ತಿದ್ದಳು. ಬಗ್ಗಿದವನ ಮುಖ ನೀರಿನ ತಳದಿಂದ ಅವನನ್ನೇ ನೋಡಬೇಕು, ಹಾಗೆ ಹೊಳೆಯುತ್ತಿತ್ತು ಅದು.

ಮಲ್ಕೀಯ ಬಂದ. ಬಿಳಿ ನಾರುಮಡಿಯ ಅಂಗಿ, ಎಣ್ಣೆ ಹಚ್ಚಿದ ಗಡ್ಡ. ಒಂದು ಕೈ ತೊಳೆದ, ಇನ್ನೊಂದು ಕೈ ತೊಳೆದ, ಬೊಗಸೆಯಲ್ಲಿ ನೀರು ಮೊಗೆದು ಪಾದಗಳಿಗೆ ಸುರಿದುಕೊಂಡ. ಒಂದು ಸಲವೂ ಒಳಗೆ ನೋಡಲಿಲ್ಲ. ಕಣ್ಣು ಆಗಲೇ ಬಲಿಪೀಠದ ಬಳಿಯ ಮಾಂಸದ ಹಂಡೆಯ ಕಡೆಗಿತ್ತು. ಕೈ ಕೊಡವಿದಾಗ ಎರಡು ಹನಿ ಅಟಾರಾಳ ಮುಖಕ್ಕೆ ಸಿಡಿದವು.

"ಇವತ್ತು ನೀರು ತಣ್ಣಗಿದೆ, ಅಟಾರವ್ವ. ಚೆನ್ನಾಗಿದೆ," ಎಂದು ನಕ್ಕ.

ಅಟಾರಾ ಮುಖ ಒರೆಸಿಕೊಳ್ಳಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿ ಎದ್ದಿತು. ಆ ನೀರು ತಾನು ಹೊತ್ತು ತಂದದ್ದು. ಒರತೆಯಿಂದ ಗುಡ್ಡ ಏರಿ, ಮಂಡಿ ನೋವು ತಿಂದು, ಇವನ ಕೈ ಶುದ್ಧವಾಗಲಿ ಎಂದು. ಹೆಲಾ ಬೂದಿ ಹಾಕಿ ಉಜ್ಜಿದರೂ ಹೋಗದ್ದು ಇವನಿಗೆ ಒಂದು ಬೊಗಸೆಯಲ್ಲಿ ಹೋಯಿತೇ?

ಬಿಸಿಲೇರುವ ಮುಂಚೆಯೇ ಅವಳು ಹಿರಿಯ ಯಾಜಕ ಶೆಖನ್ಯನ ಮುಂದೆ ನಿಂತಿದ್ದಳು. ಸಣ್ಣ ಮೈಯ, ಇಂಪಾದ ದನಿಯ ಮುದುಕ ಆತ. ಬೆಟ್ಟದ ಸೀಮೆಯ ಮಂದಿಯೆಲ್ಲ ಆತನ ಆಶೀರ್ವಾದಕ್ಕೆ ಸಾಲುಗಟ್ಟುತ್ತಿದ್ದರು. ಚಾಪೆಯ ಮೇಲೆ ಕೂತು ಒಣದ್ರಾಕ್ಷಿಯ ಉಂಡೆ ಮುರಿಯುತ್ತಿದ್ದ.

"ಅಯ್ಯಾ, ನಿಮ್ಮ ಮಗ ಬಾಗಿಲಿನ ಒಂದು ಹೆಣ್ಣುಮಗುವನ್ನು ಕೆಡಿಸಿದಾನೆ."

ಯಾವ ಮಗು ಎಂದು ಆತ ಕೇಳಲಿಲ್ಲ. ಸುಳ್ಳು ಎನ್ನಲೂ ಇಲ್ಲ. ಉಂಡೆಯನ್ನು ತಟ್ಟೆಯಲ್ಲಿಟ್ಟು, "ಈ ಮಾತು ಇನ್ಯಾರ ಕಿವಿಗೆ ಬಿದ್ದಿದೆ?" ಎಂದ.

"ದೇವರ ಕಿವಿಗೆ ಬಿದ್ದಿದೆ. ಸಾಲದಾ?"

"ಕೂಗಬೇಡ ತಾಯಿ. ದ್ರಾಕ್ಷಿಹಬ್ಬಕ್ಕೆ ಮೂರೇ ದಿನ ಇದೆ. ದೂರದ ದಾನ್ ಊರಿನಿಂದಲೂ ಜನ ಬರ್ತಾ ಇದಾರೆ." ಮಗುವಿಗೆ ಪಾಠ ಹೇಳುವವನಂತೆ ಬೆರಳೆತ್ತಿದ. "ನೋಡು, ಒಳಗೆ ದೀಪ ಯಾಕೆ ಉರಿಯುತ್ತೆ? ದೇವರಿಗೆ ಕತ್ತಲೆ ಅಂತಲೇ? ಹನ್ನೆರಡು ರೊಟ್ಟಿ ಯಾಕೆ ಇಡ್ತೀವಿ? ಆತನಿಗೆ ಹಸಿವು ಅಂತಲೇ? ಅಲ್ಲ. ಪ್ರತಿಯೊಂದಕ್ಕೂ ಒಳಗೊಂದು ಅರ್ಥ ಇದೆ. ಮನುಷ್ಯ ಮಣ್ಣಿನವನು, ಕೊಳೆ ಮಾಡ್ಕೊಳ್ತಾನೆ ಅಂತ ಗೊತ್ತಿದ್ದೇ ಆತ ಬಾಗಿಲಲ್ಲಿ ಗಂಗಾಳ ಇಡಿಸಿದ. ತೊಳ್ಕೊಂಡವನು ಶುದ್ಧ. ನನ್ನ ಮಗ ಬೆಳಗ್ಗೆ ತೊಳ್ಕೊಂಡ, ನೀನೇ ನೋಡಿದೀಯ."

"ಹಾಗಾದ್ರೆ ಕನ್ನಡಿ ಯಾಕೆ ಕರಗಿಸಿದ್ರು?"

"ಏನು?"

"ಬರೀ ತೊಳೆಯೋಕೆ ಮಣ್ಣಿನ ಬಾನಿ ಸಾಕಾಗಿತ್ತಲ್ಲ ಅಯ್ಯಾ. ಒಳಗೆ ಅಷ್ಟೊಂದು ಬಂಗಾರ ಇತ್ತು, ಬೆಳ್ಳಿ ಇತ್ತು. ಅದ್ಯಾವುದೂ ಬೇಡ, ಹೆಂಗಸರ ಕನ್ನಡೀನೇ ಬೇಕು ಅಂತ ಯಾಕೆ ತಗೊಂಡ್ರು? ತನ್ನ ಮುಖ ತಾನು ನೋಡಿಕೊಳ್ಳದೆ ಯಾವನೂ ಒಳಗೆ ಕಾಲಿಡಬಾರದು ಅಂತ. ಕೈ ಏನು ಮಾಡ್ತು, ಕಾಲು ಎಲ್ಲಿಗೆ ಹೋಯ್ತು, ಅದನ್ನು ನೋಡಿ ಆಮೇಲೆ ತೊಳ್ಕೊ ಅಂತ. ನಿಮ್ಮ ಮಗ ನೋಡೋದೇ ಇಲ್ಲ. ಅವನಿಗೆ ಅದು ದನ ನೀರು ಕುಡಿಯೋ ಬಾನಿ."

ಶೆಖನ್ಯನ ದನಿಯ ಇಂಪೆಲ್ಲ ಇಳಿಯಿತು. "ಅರ್ಥ ಹೇಳೋದು ನಮ್ಮ ಕೆಲಸ. ನಿನ್ನದು ನೀರು ಹೊರೋದು. ಆ ಹುಡುಗೀನ ಅವರಪ್ಪನ ಮನೆಗೆ ಕಳಿಸೋಣ. ಜೊತೆಗೆ ಒಂದು ಕುರಿ ಕೊಡೋಣ, ಹಾಲು ಕರೆಯೋ ಕುರಿ."

"ಕುರೀನ ನಿಮ್ಮ ಮಗನಿಗೇ ಕಟ್ಟಿ," ಎಂದು ಅಟಾರಾ ತಿರುಗಿ ನಡೆದಳು.

ಆ ಸಂಜೆ ಒರತೆಯ ಬಳಿ ಹೆಂಗಸರನ್ನೆಲ್ಲ ಕೂಡಿಸಿ, ಕುರಿಯ ಮಾತನ್ನೂ ಬಿಡದೆ ಹೇಳಿದಳು. ಹೆಸರೆತ್ತಲಿಲ್ಲ. ಆದರೆ ಇಪ್ಪತ್ತೆರಡರಲ್ಲಿ ಒಬ್ಬಳು ಅಲ್ಲಿರಲಿಲ್ಲ. ಎಲ್ಲರ ಕಣ್ಣೂ ಆ ಖಾಲಿ ಜಾಗಕ್ಕೆ ಹೋಗಿ ಮರಳಿದವು.

"ನಾಳೆಯಿಂದ ಗಂಗಾಳಕ್ಕೆ ಒಂದು ಹನಿ ನೀರು ಹೊರಬಾರದು," ಎಂದಳು ಅಟಾರಾ. "ನೀರಿಲ್ಲದೆ ಅವನು ಬಲಿಪೀಠದ ಹತ್ತಿರ ಸುಳಿಯಲಿ ನೋಡೋಣ."

ಗುಸುಗುಸು ಎದ್ದಿತು. ಸೇವೆ ಬಿಟ್ಟರೆ ಅರ್ಧಕ್ಕರ್ಧ ಹೆಂಗಸರಿಗೆ ತಲೆ ಇಡಲು ಚಾವಣಿ ಇರಲಿಲ್ಲ. ಒಬ್ಬಳು, "ದೇವರಿಗೇ ನೀರು ನಿಲ್ಲಿಸಿದ ಹಾಗಾಗಲ್ವೇನೇ?" ಎಂದಳು.

"ದೇವರು ಅದರಲ್ಲಿ ಕಾಲು ತೊಳ್ಕೊಳ್ತಾನೇನೆ? ತೊಳ್ಕೊಳ್ಳೋದು ಇವರು!"

"ಸಾಕ್ಷಿ ಎಲ್ಲಿ ಅಂತ ಹಿರಿಯರು ಕೇಳ್ತಾರೆ ಕಣಕ್ಕ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೆ? ನಿಮಗ್ಯಾರಿಗೂ ಗೊತ್ತಿಲ್ವಾ ಅವನೆಂಥವನು ಅಂತ?"

ಆಗ ಸಿಬ್ಯಾ ಎದ್ದಳು. ನಲವತ್ತರ ಹತ್ತಿರದ ಹೆಂಗಸು. ಎಲ್ಲವನ್ನೂ ನಗೆಚಾಟಿಕೆ ಮಾಡುವವಳು, ಕೆಲಸಗಳ್ಳಿ ಎಂದು ಹೆಸರಾದವಳು. ಆ ದಿನ ಅವಳು ನಗಲಿಲ್ಲ.

"ನನಗೂ ಕುರಿ ಕೊಟ್ರು," ಎಂದಳು. "ಇಪ್ಪತ್ತು ವರ್ಷ ಆಯ್ತು. ತಗೊಂಡೆ. ಏನು ಮಾಡಲಿ, ಅಪ್ಪ ಅಮ್ಮ ಇರಲಿಲ್ಲ. ಆ ಕುರಿ ಮರಿ ಹಾಕ್ತು, ಆ ಮರಿ ಮರಿ ಹಾಕ್ತು. ಒಂದರ ಹಾಲೂ ನನ್ನ ಗಂಟಲಲ್ಲಿ ಇಳೀಲಿಲ್ಲ ಕಣ್ರೇ."

"ಇಪ್ಪತ್ತು ವರ್ಷದ ಹಿಂದೆ ಮಲ್ಕೀಯ ಅಂಬೆಗಾಲಿಡ್ತಿದ್ದ," ಎಂದು ಯಾರೋ ಅಂದರು.

"ಮಲ್ಕೀಯ ಅಂತ ನಾನೆಲ್ಲಿ ಅಂದೆ?"

ಅಟಾರಾಳಿಗೆ ನೆನಪಾಯಿತು: ಇಪ್ಪತ್ತು ವರ್ಷದ ಹಿಂದೆ ಸಿಬ್ಯಾ ಒಂದು ವಾರ ಚಾಪೆ ಬಿಟ್ಟು ಏಳದಿದ್ದಾಗ, ಸೋಮಾರಿ ಎಂದು ಕಾಲಿನಿಂದ ತಿವಿದು ಎಬ್ಬಿಸಿದ್ದು ತಾನೇ. ಅಂದಿನಿಂದ ಕೆಲಸಗಳ್ಳಿ ಎಂದು ಹೆಸರಿಟ್ಟದ್ದೂ ತಾನೇ. ಇಷ್ಟು ವರ್ಷ ಗಂಗಾಳ ತಿಕ್ಕಿ ತಿಕ್ಕಿ ಹೊಳಪೇರಿಸಿದರೂ, ಕಣ್ಣೆದುರಿನ ಹೆಂಗಸಿನ ಮುಖ ನೋಡಿರಲಿಲ್ಲ. ಈ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಕೈಯಲ್ಲಿದ್ದ ಕೊಡವನ್ನು ಬಂಡೆಗೆ ಅಪ್ಪಳಿಸಿದಳು.

ಸಿಬ್ಯಾ ತನ್ನ ಕೊಡವನ್ನು ಬಗ್ಗಿಸಿ ಬೋರಲು ಇಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು.

ಎಲ್ಲರಿಗಿಂತ ಹಿಂದೆ ಅಟಾರಾ ಬಿಡಾರಕ್ಕೆ ಮರಳಿದಾಗ ಬಾಗಿಲಲ್ಲೇ ಹೆಲಾ ನಿಂತಿದ್ದಳು. ಅವಳಿಗೆ ಆಗಲೇ ಸುದ್ದಿ ತಲುಪಿತ್ತು.

"ಯಾರಿಗೂ ಹೇಳಲ್ಲ ಅಂದಿದ್ದೆ ನೀನು."

"ಹೆಸರು ಹೇಳಲಿಲ್ಲ ಕಣೇ..."

"ಹೇಳಬೇಕಾ? ಎಲ್ಲರೂ ನನ್ನನ್ನ ಒಡೆದ ಕೊಡ ನೋಡಿದ ಹಾಗೆ ನೋಡ್ತಿದಾರೆ!" ಹುಡುಗಿಯ ಕಣ್ಣಲ್ಲಿ ಕೆಂಡವಿತ್ತು. "ನಿನ್ನ ಗಂಗಾಳ, ನಿನ್ನ ಅಜ್ಜಿಯ ಕನ್ನಡಿ, ನಿನ್ನ ಸಿಟ್ಟು. ನನ್ನನ್ನ ಒಂದು ಮಾತು ಕೇಳಿದ್ಯಾ? ಅವನೂ ಕೇಳಲಿಲ್ಲ. ನೀನೂ ಕೇಳಲಿಲ್ಲ."

ಅಟಾರಾ ಹುಡುಗಿಯ ಎದುರು ನೆಲಕ್ಕೆ ಕೂತಳು. "ಇದನ್ನೆಲ್ಲ ಬಿಟ್ಟುಬಿಡಲಾ? ನೀನು ಬೇಡ ಅಂದ್ರೆ ನಾಳೆ ನಾನೊಬ್ಬಳೇ ನೀರು ಹೊರ್ತೀನಿ," ಎಂದಳು.

ಹೆಲಾ ಮುಖ ತಿರುಗಿಸಿಕೊಂಡಳು. "ಬೇಡ," ಎಂದು ಒಳಗೆ ಹೋದಳು. ಯಾವುದು ಬೇಡ, ನೀರು ಹೊರುವುದೋ ನೀರು ನಿಲ್ಲಿಸುವುದೋ ಎಂದು ಕೇಳಲು ಅಟಾರಾಳಿಗೆ ಧೈರ್ಯ ಬರಲಿಲ್ಲ.

ಬೆಳಗಾಯಿತು. ಗಂಗಾಳ ಬತ್ತಿತ್ತು. ಹೆಂಗಸರು ಅಂಗಳದ ಬಾಗಿಲಲ್ಲಿ ಸಾಲಾಗಿ ನೆಲಕ್ಕೆ ಕೂತಿದ್ದರು. ಹಬ್ಬಕ್ಕೆ ಮುಂಚಿತವಾಗಿ ಬಂದವರು ಟಗರು, ಹೋತ ಹಿಡಿದು, ಹಿಟ್ಟಿನ ಚೀಲ ಹೊತ್ತು ಆಗಲೇ ನೆರೆದಿದ್ದರು. ಮಲ್ಕೀಯ ಬಂದವನೇ ಗಂಗಾಳದೊಳಗೆ ಕೈ ಹಾಕಿದ. ಉಗುರು ಒಣ ಕಂಚಿಗೆ ತಾಗಿ ಕಿರ್ರೆಂದಿತು.

"ನೀರೆಲ್ಲಿ?"

ಹೆಂಗಸರು ಕೂತಲ್ಲಿಂದ ಏಳದ್ದನ್ನು ಕಂಡು ಮಲ್ಕೀಯ ಬಾಗಿಲಿನ ಕಡೆ ತಿರುಗಿದ.

"ಏ ತಲ್ಮೋನ! ಹೋಗಿ ನೀರು ತಗೊಂಡು ಬಾ."

ತಲ್ಮೋನ ಬಾಗಿಲು ಕಾಯುವ ಲೇವಿಯ, ಗುಡಾಣದಂಥ ಹೊಟ್ಟೆಯವನು. ಹೆಂಗಸರ ಕಡೆ ನೋಡಿದ, ಯಾಜಕನ ಕಡೆ ನೋಡಿದ, ತಲೆ ಕೆರೆದುಕೊಂಡ. "ಅಯ್ಯಾ, ನಮ್ಮ ಮನೆತನಕ್ಕೆ ಬಂದಿರೋದು ಗೂಟ, ಹಗ್ಗ, ಬಾಗಿಲು. ತೆರೆ ಬೇರೆಯವರದು, ಹಲಗೆ ಬೇರೆಯವರದು. ನೀರು ಯಾರಿಗೂ ಹಂಚಿಲ್ಲ. ನಾನು ಮುಟ್ಟಿದ್ರೆ ಕಟ್ಟಳೆ ಮೀರಿದ ಹಾಗಾಗುತ್ತೇನೋ..."

ಜನರಲ್ಲಿ ಕೆಲವರು ನಕ್ಕರು. ಮಲ್ಕೀಯನ ಕಿವಿ ಕೆಂಪಾಯಿತು. "ಏ ಮುದುಕಿ! ಇದೆಲ್ಲ ನಿನ್ನ ಕಿತಾಪತಿ. ಬೆಳಗ್ಗೆ ಬೆಳಗ್ಗೆ ಕುಡಿದಿದೀಯಾ?"

ಅಟಾರಾ ಎದ್ದು ನಿಂತಳು. ಹೇಳಬೇಕಾದ್ದೆಲ್ಲ ನಾಲಗೆಯ ತುದಿಗೆ ಬಂದು ನಿಂತಿತ್ತು. ಆದರೆ ಅದು ತನ್ನದಲ್ಲ. ಹಲ್ಲು ಕಚ್ಚಿ ಹಿಡಿದಳು. "ನೀರು ಯಾಕಿಲ್ಲ ಅಂತ ನಿನ್ನ ಕೈಯನ್ನೇ ಕೇಳಿಕೋ," ಎಂದಳು, ಅಷ್ಟೇ. "ಇವತ್ತು ಗಂಗಾಳದಲ್ಲಿ ನೀರಿಲ್ಲ, ಕನ್ನಡಿ ಮಾತ್ರ ಇದೆ. ಬಗ್ಗಿ ನೋಡು."

"ಹುಚ್ಚು ಹಿಡಿದಿದೆ ಇವಳಿಗೆ. ಎಳೆದು ಹಾಕಿ ಆಚೆಗೆ!"

ಯಾರೂ ಕದಲುವ ಮೊದಲೇ ಜನ ಎರಡಾಗಿ ಸರಿದರು. ಒರತೆಯ ದಾರಿಯಿಂದ ಹೆಲಾ ಬರುತ್ತಿದ್ದಳು. ತಲೆಯ ಮೇಲೆ ತುಂಬಿದ ಕೊಡ. ನಿನ್ನೆ ಬೇಡ ಅಂದದ್ದು ನೀರು ನಿಲ್ಲಿಸುವುದನ್ನೇ ಎಂದುಕೊಂಡಳು ಅಟಾರಾ. ಮಲ್ಕೀಯ ಉಸಿರು ಬಿಟ್ಟು ಮುಗುಳ್ನಕ್ಕ. "ನೋಡಿ, ಇಪ್ಪತ್ತು ಜನದಲ್ಲಿ ಒಬ್ಬಳಿಗಾದರೂ ದೇವರ ಭಯ ಇದೆ. ಹಾಕಮ್ಮ, ಹಾಕು."

ಹೆಲಾ ಗಂಗಾಳವನ್ನು ದಾಟಿ ನೇರ ಅವನ ಮುಂದೆ ಬಂದು ನಿಂತಳು.

"ಮೊನ್ನೆ ನಿಮ್ಮ ಬಿಡಾರಕ್ಕೆ ತರೋಕೆ ಹೇಳಿದ್ರಲ್ಲ ಅಯ್ಯಾ, ಆ ನೀರು," ಎಂದಳು. ದನಿ ಹಿಂದಿನ ಸಾಲಿನವರೆಗೂ ಕೇಳಿಸಿತು. "ಅವತ್ತು ಕೊಡ ಒಡೆದುಹೋಯ್ತು. ಯಾಕೆ ಒಡೀತು ಅಂತ ನೀವು ಹೇಳ್ತೀರೋ, ನಾನು ಹೇಳಲೋ? ನಾನು ಬೇಡ ಅಂತ ಕೂಗಿದೆ. ಎರಡು ಸಲ ಕೂಗಿದೆ. ನೀವು ಬಾಯಿ ಮುಚ್ಚಿದ್ರಿ. ಈ ಕೈಯಲ್ಲೇ." ಕೊಡ ಇಳಿಸಿ ಅವನ ಪಾದದ ಮೇಲೆ ಸುರಿದಳು. ಕೊನೆಯ ಹನಿಯವರೆಗೂ ಸುರಿದಳು. "ತಗೊಳ್ಳಿ. ತೊಳ್ಕೊಳ್ಳಿ."

ಮಲ್ಕೀಯ, "ಸುಳ್ಳು! ಸೂಳೆ!" ಎಂದು ಕೈಯೆತ್ತಿದ. ಅಟಾರಾ ಹೇಗೆ ನಡುವೆ ಬಂದಳೋ ಅವಳಿಗೇ ತಿಳಿಯದು, ಏಟು ಅವಳ ಕೆನ್ನೆಗೆ ಬಿತ್ತು. ಇಪ್ಪತ್ತು ಹೆಂಗಸರೂ ಎದ್ದು ನಿಂತರು.

ಮುಂದಿನ ಸಾಲಿನಲ್ಲಿ ಒಬ್ಬ ರೈತ ನಿಂತಿದ್ದ, ಪಕ್ಕದಲ್ಲಿ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅವನು ತನ್ನ ಟಗರಿನ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ. "ನನ್ನ ಟಗರನ್ನ ಆ ಕೈಗೆ ಕೊಡಲ್ಲ," ಎಂದು ತಿರುಗಿ ನಡೆದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಣಿಸುವವರಿಲ್ಲ. ಟಗರುಗಳ ಅರಚಾಟ, ಬೈಗುಳ, ದೂಳು. ಮಲ್ಕೀಯ ಒದ್ದೆ ಕಾಲಿನಲ್ಲೇ ಬಿಡಾರಕ್ಕೆ ಓಡಿದ.

ನಡುಹಗಲಿಗೆ ಬಲಿಪೀಠದ ಬೆಂಕಿ ಇಳಿಯಿತು. ಅದು ಎಂದೂ ಆರಬಾರದ ಬೆಂಕಿ. ಶೆಖನ್ಯ ತಾನೇ ಬಂದ. ಆಳಿನಿಂದ ಒಂದು ತೊಗಲು ಚೀಲ ನೀರು ಗಂಗಾಳಕ್ಕೆ ಹಾಕಿಸಿದ. ತಳದಲ್ಲಿ ನಾಲ್ಕು ಬೆರಳು ನೀರು. ಕೈ ಮುಟ್ಟಿಸಬೇಕಾದರೆ ಮುದುಕ ಪೂರ್ತಿ ಬಗ್ಗಬೇಕಾಯಿತು. ಆಗ ಸಿಬ್ಯಾ ನಡೆದು ಹೋಗಿ ಗಂಗಾಳದ ಆಚೆ ಬದಿಯಲ್ಲಿ ನಿಂತು ಬಗ್ಗಿದಳು. ನೀರಿನ ತಳದಲ್ಲಿ ಎರಡು ಮುಖ ಅಕ್ಕಪಕ್ಕ ಬಂದವು. ಶೆಖನ್ಯನ ಕೈ ನೀರಿನಿಂದ ಒಂದು ಗೇಣು ಮೇಲೆ ನಿಂತೇಬಿಟ್ಟಿತು. ಆಮೇಲೆ ಆತ ಕೈ ತೊಳೆಯದೆ, ಯಾರನ್ನೂ ನೋಡದೆ ಹಿಂದಕ್ಕೆ ಹೋದ.

ಕಡೆಗೆ ಬೆಂಕಿಗೆ ಸೌದೆ ಇಟ್ಟವನು ದೂರದ ಸಂಬಂಧದ ಒಬ್ಬ ಬಡ ಯಾಜಕ, ಹಬ್ಬಕ್ಕೆಂದು ಹೆಂಡತಿ ಮಕ್ಕಳ ಜೊತೆ ಬಂದವನು. ಅವನಿಗೆ ಹೆಂಗಸರೇ ನೀರು ತಂದುಕೊಟ್ಟರು. ಅವನು ತೊಳೆಯುವ ಮುಂಚೆ ಎಷ್ಟು ಹೊತ್ತು ಬಗ್ಗಿ ನೋಡಿಕೊಂಡನೆಂದರೆ ತಲ್ಮೋನ ಕೆಮ್ಮಿ ಎಚ್ಚರಿಸಬೇಕಾಯಿತು.

ಇಷ್ಟಾದರೂ ಆಕಾಶದಿಂದ ಬೆಂಕಿ ಬೀಳಲಿಲ್ಲ. ಹಬ್ಬ ಮುಗಿದ ಮೇಲೆ ಹಿರಿಯರು ಮರದಡಿ ಕೂತು ತೀರ್ಪು ಹೇಳಿದರು. ಮಲ್ಕೀಯ ಯೊರ್ದನಿನ ಆಚೆ ತಾಯಿಯ ಕಡೆಯವರ ಊರಿಗೆ ಹೋಗಿರತಕ್ಕದ್ದು. ಎರಡು ಕತ್ತೆಯ ಮೇಲೆ ಹಾಸಿಗೆ, ದ್ರಾಕ್ಷಾರಸ ಹೇರಿಕೊಂಡು ಹೋದ. ಶೆಖನ್ಯನಿಗೆ ವಯಸ್ಸಾಗಿದೆ, ವಿಶ್ರಾಂತಿ ಪಡೆಯಲಿ ಎಂದರು. ಸಿಬ್ಯಾಳ ಮಾತನ್ನು ಯಾರೂ ಕೇಳಲೇ ಇಲ್ಲ. ಇನ್ನು ಮುಂದೆ ಇಂಥ ಗದ್ದಲವಾಗಬಾರದೆಂದು, ಹೆಂಗಸರು ಅಂಗಳದೊಳಗೆ ಸೇವೆಗೆ ಬರುವುದು ಬೇಡ, ಗಂಗಾಳದ ನೀರು ಲೇವಿಯರ ಪಾಲಿಗೆ ಇರಲಿ ಎಂದು ಕಟ್ಟಳೆ ಮಾಡಿದರು.

"ತಪ್ಪು ಮಾಡಿದವನಿಗೆ ಹಾಸಿಗೆ, ಹೇಳಿದವರಿಗೆ ಬೀದಿ," ಎಂದಳು ಅಟಾರಾ, ಹಿರಿಯರ ಮುಖಕ್ಕೇ. "ನಿಮ್ಮಲ್ಲಿ ಒಬ್ಬರಾದರೂ ಇಲ್ಲಿ ಬರೋ ಮುಂಚೆ ಮುಖ ನೋಡಿಕೊಂಡು ಬಂದಿದ್ರಾ?" ಉತ್ತರಕ್ಕೆ ಕಾಯದೆ ನಡೆದುಬಿಟ್ಟಳು.

ಅಟಾರಾಳಿಗೆ ತಿಮ್ನದ ಹತ್ತಿರ ಗಂಡನ ಪಾಲಿನ ಒಂದು ಪಾಳು ಮನೆ, ಆರು ಎಣ್ಣೆಮರ ಇದ್ದವು. ಸಿಬ್ಯಾ ತನ್ನ ಕುರಿಗಳನ್ನೆಲ್ಲ ಹಬ್ಬ ಮುಗಿಸಿ ಹೊರಟವರಿಗೆ ಸುಮ್ಮನೆ ಹಂಚಿಬಿಟ್ಟು, ಬರಿಗೈಯಲ್ಲಿ ಅವಳ ಜೊತೆ ಹೊರಟಳು. ಹೆಲಾಳ ಅಪ್ಪ ಹಬ್ಬಕ್ಕೆ ಬಂದಿದ್ದ, ಮಗಳ ಕಣ್ಣು ತಪ್ಪಿಸಿ, ಹರಕೆ ಅರ್ಧಕ್ಕೇ ನಿಂತಿತಲ್ಲ ಎಂದಷ್ಟೇ ಮಾತಾಡಿದ. ಅವಳೇ ಅವನಿಗೆ, "ನೀನು ಹೋಗಪ್ಪ, ನಾನು ಆಮೇಲೆ ಬರ್ತೀನಿ," ಎಂದು ಹೇಳಿ ಕಳಿಸಿದ್ದಳು.

ಹೆಲಾಳೂ ಜೊತೆಗೂಡಿ ಮೂವರೂ ಗುಡ್ಡ ಇಳಿದರು. ಅಟಾರಾಳ ಕೆನ್ನೆ ಇನ್ನೂ ಊದಿತ್ತು.

"ನಿನ್ನ ಮೇಲೆ ನನಗಿನ್ನೂ ಸಿಟ್ಟಿದೆ," ಎಂದಳು ಹೆಲಾ.

"ಇರಲಿ," ಎಂದಳು ಅಟಾರಾ. "ಇಟ್ಟುಕೋ. ಬಿಡು ಅಂತ ನಾನೇನೂ ಕೇಳಲ್ಲ."

"ಬಲಗಡೆ ದಾರಿಯಲ್ಲಿ ಹೋದ್ರೆ ಬಾವಿ ಸಿಗುತ್ತೆ," ಎಂದಳು ಸಿಬ್ಯಾ, ದಾರಿ ಕವಲೊಡೆದಲ್ಲಿ ನಿಂತು. "ಎಡಗಡೆ ಹತ್ತಿರ, ಆದ್ರೆ ನೀರಿಲ್ಲ."

ಯಾವ ಕಡೆ ಹೋಗೋಣ ಎಂದು ಇಬ್ಬರೂ ಹೆಲಾಳನ್ನು ಕೇಳಿದರು. ಅವಳು ಎರಡೂ ದಾರಿ ನೋಡಿ ಎಡಕ್ಕೆ ತಿರುಗಿದಳು. ದೊಡ್ಡವರಿಬ್ಬರೂ ಗೊಣಗುತ್ತ ಅವಳ ಹಿಂದೆ ನಡೆದರು.